ಗ್ರಬ್‌ಗೆ ಕರ್ನಲ್ ಸಿಗದಾಗ

ಲಿನಕ್ಸ್ ಬಳಸುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಪರದೆ ಇದು. ಕಪ್ಪು ಹಿನ್ನೆಲೆ, ಮೇಲ್ತುದಿಯಲ್ಲಿ ಮೂರು ಸಾಲು. ಮೊದಲನೆಯದು ‘ಎರರ್: ನೋ ಸಚ್ ಡಿವೈಸ್’ ಎಂದು ಶುರುವಾಗುತ್ತದೆ, ಅದರ ಪಕ್ಕದಲ್ಲಿ ಅಂಕಿ, ಅಕ್ಷರ ಬೆರೆತ ಉದ್ದನೆಯ ಸರ. ಎರಡನೆಯದು ‘ಎರರ್: ಫೈಲ್ /ಬೂಟ್/ವಿಎಂಲಿನಜ್-6.8.0-51-ಜೆನೆರಿಕ್ ನಾಟ್ ಫೌಂಡ್’. ಮೂರನೆಯದು ‘ಎರರ್: ಯು ನೀಡ್ ಟು ಲೋಡ್ ದ ಕರ್ನಲ್ ಫಸ್ಟ್’. ಕೆಳಗೆ, ಯಾವುದಾದರೂ ಕೀಲಿ ಒತ್ತಿ ಎಂಬ ಸೂಚನೆ. ಒತ್ತಿದರೆ ಮೆನು ಬರುತ್ತದೆ. ಮೆನುವಿನಲ್ಲಿ ಎಂಟರ್ ಒತ್ತಿದರೆ ಮತ್ತೆ ಅದೇ ಮೂರು ಸಾಲು.

ಇಲ್ಲಿಗೆ ಬಂದು ಸಿಕ್ಕಿಕೊಂಡ ಎಷ್ಟೋ ಜನ ಪೆನ್‌ಡ್ರೈವ್ ಹುಡುಕಿ ತಂದು ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ಆ ಗಡಿಬಿಡಿಯಲ್ಲಿ ಮಕ್ಕಳ ಫೋಟೊ, ಆಫೀಸಿನ ಲೆಕ್ಕಪತ್ರ ಎಲ್ಲ ಅಳಿಸಿಹೋದದ್ದೂ ಉಂಟು. ಅಷ್ಟು ದೂರ ಹೋಗಬೇಕಾದ ಸಂದರ್ಭ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಈ ಹಂತದಲ್ಲಿ ನಿಮ್ಮ ಕಡತಗಳನ್ನು ಯಾರೂ ಮುಟ್ಟಿಲ್ಲ. ಬೂಟ್ ಲೋಡರ್ ಒಂದು ಫೈಲನ್ನು ಒಂದು ಜಾಗದಲ್ಲಿ ನೋಡಿತು, ಅಲ್ಲಿ ಅದು ಕಾಣಲಿಲ್ಲ, ಹಾಗೆಂದು ಹೇಳಿತು. ಆ ಫೈಲು ಬೇರೆಲ್ಲೋ ಇರಬಹುದು, ಬೇರೆ ಹೆಸರಿನಲ್ಲಿರಬಹುದು, ನಿಜಕ್ಕೂ ಇಲ್ಲದೆಯೂ ಇರಬಹುದು. ಯಾವುದು ಎಂದು ತಿಳಿಯಲು ಗ್ರಬ್ಬನ್ನೇ ಕೇಳಬಹುದು. ಅದು ಬರೀ ಮೆನು ತೋರಿಸುವ ಪರದೆಯಲ್ಲ. ಡಿಸ್ಕಿನೊಳಗೆ ಇಣುಕಿ ನೋಡಬಲ್ಲ, ಪ್ರಶ್ನೆಗೆ ಉತ್ತರ ಕೊಡಬಲ್ಲ ಒಂದು ಪೂರ್ತಿ ಪ್ರೋಗ್ರಾಂ.

ಮೊದಲು ಆ ಮೂರು ಸಾಲುಗಳನ್ನೇ ನೋಡೋಣ. ದೂರು ಮೂರಿದ್ದರೂ ತಪ್ಪು ಒಂದೇ. ಮೆನುವಿನಲ್ಲಿ ‘ಉಬುಂಟು’ ಎಂದು ಕಾಣುವ ಸಾಲಿನ ಹಿಂದೆ ಒಂದು ಪುಟ್ಟ ಸ್ಕ್ರಿಪ್ಟ್ ಇರುತ್ತದೆ. ಆ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ. ಅದು ಇದು ಎಂದು ಹತ್ತಾರು ಸಾಲು ಇದ್ದರೂ ನಮಗೆ ಮುಖ್ಯವಾದ ಆದೇಶ ಮೂರು. ಯಾವ ಪಾರ್ಟಿಷನ್ನಿನಲ್ಲಿ ನೋಡಬೇಕು ಎಂದು ಪತ್ತೆ ಮಾಡುವುದು ‘ಸರ್ಚ್’. ಅಲ್ಲಿಂದ ಕರ್ನಲ್ ಫೈಲನ್ನು ಎತ್ತಿ ಮೆಮೊರಿಗೆ ತರುವುದು ‘ಲಿನಕ್ಸ್’. ಕರ್ನಲ್ ಕಣ್ಣು ಬಿಟ್ಟ ಕೂಡಲೇ ಬೇಕಾಗುವ ಡ್ರೈವರುಗಳ ಕಟ್ಟನ್ನು ತರುವುದು ‘ಇನಿಟ್‌ಆರ್‌ಡಿ’. ಒಂದು ಸಾಲು ಸೋತಿತೆಂದು ಗ್ರಬ್ ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಸರ್ಚ್‌ಗೆ ಪಾರ್ಟಿಷನ್ ಸಿಗಲಿಲ್ಲ, ಹಾಗಾಗಿ ಲಿನಕ್ಸ್ ಆದೇಶ ತಪ್ಪು ಜಾಗದಲ್ಲಿ ಹುಡುಕಿತು, ಅದಕ್ಕೆ ಕರ್ನಲ್ ಸಿಗಲಿಲ್ಲ, ಹಾಗಾಗಿ ಇನಿಟ್‌ಆರ್‌ಡಿ ‘ಮೊದಲು ಕರ್ನಲ್ ತನ್ನಿ’ ಎಂದಿತು. ಮೂರನೇ ಸಾಲನ್ನು ಹಿಡಿದುಕೊಂಡು ಅಂತರ್ಜಾಲವೆಲ್ಲ ಜಾಲಾಡುವವರು ಪ್ರತಿಧ್ವನಿಯ ಬೆನ್ನು ಹತ್ತಿರುತ್ತಾರೆ. ಓದಬೇಕಾದ್ದು ಮೊದಲ ಸಾಲು. ಅಲ್ಲಿ ‘ನೋ ಸಚ್ ಡಿವೈಸ್’ ಇದ್ದರೆ ಪಾರ್ಟಿಷನ್ನೇ ಸಿಕ್ಕಿಲ್ಲ. ಅದಿಲ್ಲದೆ ನೇರವಾಗಿ ‘ಫೈಲ್ ನಾಟ್ ಫೌಂಡ್’ ಎಂದಿದ್ದರೆ ಪಾರ್ಟಿಷನ್ ಸಿಕ್ಕಿದೆ, ಫೈಲು ಕಾಣುತ್ತಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ.

ಒಂದು ಫೈಲನ್ನು ಹುಡುಕುವುದು ಬೂಟ್ ಲೋಡರ್‌ಗೆ ಇಷ್ಟು ಕಷ್ಟವೇ ಎಂದು ಕೇಳಬಹುದು. ಕಷ್ಟವೇ. ಸ್ವಿಚ್ ಒತ್ತಿದ ಗಳಿಗೆಯಲ್ಲಿ ಕಂಪ್ಯೂಟರಿಗೆ ಫೈಲು, ಫೋಲ್ಡರು ಎಂಬ ಕಲ್ಪನೆಯೇ ಇರುವುದಿಲ್ಲ. ಅವೆಲ್ಲ ಆಪರೇಟಿಂಗ್ ಸಿಸ್ಟಂ ಬಂದ ಮೇಲಿನ ಮಾತು, ಮತ್ತು ಆ ಆಪರೇಟಿಂಗ್ ಸಿಸ್ಟಂ ಕೂತಿರುವುದೇ ಒಂದು ಫೈಲಿನಲ್ಲಿ. 1981ರ ಐಬಿಎಂ ಪಿಸಿಯಿಂದ ಬಂದ ಬಯೋಸ್ ಪದ್ಧತಿಯಲ್ಲಿ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ: ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು ಮೆಮೊರಿಗೆ ತಂದು ಅದಕ್ಕೆ ಅಧಿಕಾರ ಒಪ್ಪಿಸುವುದು. ಆ ಸೆಕ್ಟರಿನ ಅಳತೆ 512 ಬೈಟು. ಅದರಲ್ಲಿ 64 ಬೈಟು ಪಾರ್ಟಿಷನ್ ಪಟ್ಟಿಗೆ, 2 ಬೈಟು ಸಹಿಗೆ ಹೋದರೆ ಪ್ರೋಗ್ರಾಮಿಗೆ ಉಳಿಯುವುದು 446. ಈ ಅಂಕಣದ ಒಂದು ಪ್ಯಾರಾ ಕೂಡ ಅಷ್ಟರಲ್ಲಿ ಹಿಡಿಯುವುದಿಲ್ಲ.

ಲಿನಕ್ಸಿನ ಆರಂಭದ ವರ್ಷಗಳಲ್ಲಿ ಮನೆಮಾತಾಗಿದ್ದ ಲೈಲೋ ಎಂಬ ಬೂಟ್ ಲೋಡರ್ ಈ ಇಕ್ಕಟ್ಟನ್ನು ದಾಟಿದ್ದು ಒಂದು ಜಾಣ ಉಪಾಯದಿಂದ. ಅದು ಫೈಲನ್ನು ಹುಡುಕುವ ಗೋಜಿಗೇ ಹೋಗುತ್ತಿರಲಿಲ್ಲ. ಲಿನಕ್ಸ್ ಚಾಲೂ ಇರುವಾಗಲೇ ‘ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕುಗಳಲ್ಲಿದೆ’ ಎಂದು ಕೇಳಿ ಬರೆದಿಟ್ಟುಕೊಂಡು, ಮುಂದಿನ ಸಲ ಕಣ್ಣು ಮುಚ್ಚಿ ಆ ಬ್ಲಾಕುಗಳನ್ನೇ ಓದುತ್ತಿತ್ತು. ಕರ್ನಲ್ ಬದಲಾಯಿಸಿ ಲೈಲೋ ಕಮಾಂಡನ್ನು ಮತ್ತೆ ಓಡಿಸಲು ಮರೆತರೆ ಕಥೆ ಮುಗಿಯಿತು. ಅದರ ದೋಷ ತಿಳಿಸುವ ರೀತಿಯೂ ವಿಚಿತ್ರ. ಒಂದೊಂದು ಹಂತ ದಾಟಿದಾಗ ತನ್ನ ಹೆಸರಿನ ಒಂದೊಂದು ಅಕ್ಷರ ಮೂಡಿಸುತ್ತಿತ್ತು. ಪರದೆಯ ಮೇಲೆ ‘ಎಲ್’, ‘ಐ’ ಎಂಬ ಎರಡೇ ಅಕ್ಷರ ಬಂದು ನಿಂತರೆ ಎರಡನೇ ಹಂತದ ಪ್ರೋಗ್ರಾಮನ್ನು ಓಡಿಸಲಾಗಲಿಲ್ಲ ಎಂದು ನಾವೇ ಅರ್ಥ ಮಾಡಿಕೊಳ್ಳಬೇಕಿತ್ತು. ಇವತ್ತಿನ ಮೂರು ಸಾಲಿನ ಸಂದೇಶವನ್ನು ಬೈಯುವ ಮೊದಲು ಇದನ್ನು ನೆನೆಯಬಹುದು. ಲೈಲೋ ಅಭಿವೃದ್ಧಿ 2015ರ ಕೊನೆಗೆ ನಿಂತಿತು.

ಗ್ರಬ್ ಹುಟ್ಟಿದ್ದು 1995ರಲ್ಲಿ. ಎರಿಕ್ ಬೊಲೀನ್ ಅದನ್ನು ಬರೆದದ್ದು ಲಿನಕ್ಸಿಗಾಗಿ ಅಲ್ಲ, ಗ್ನೂ ಹರ್ಡ್ ಎಂಬ ಬೇರೆ ವ್ಯವಸ್ಥೆಯನ್ನು ಬೂಟ್ ಮಾಡಲಿಕ್ಕೆ. ಅದರ ಮೂಲ ವಿಚಾರ ಲೈಲೋಗೆ ತದ್ವಿರುದ್ಧ: ಬೂಟ್ ಲೋಡರಿಗೇ ಫೈಲ್ ಸಿಸ್ಟಂ ಓದಲು ಕಲಿಸಿಬಿಡೋಣ. ಹಾಗಾಗಿ ಗ್ರಬ್ ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ಫ್ಯಾಟ್ ಎಲ್ಲವನ್ನೂ ಓದುತ್ತದೆ. ಬರೆಯುವುದಂತೂ ಇಲ್ಲವೆಂದೇ ಹೇಳಬೇಕು. ಕರ್ನಲ್ ಡಿಸ್ಕಿನಲ್ಲಿ ಎಲ್ಲೇ ಸರಿದಾಡಲಿ, ಹೆಸರು ಸರಿಯಿದ್ದರೆ ಅದಕ್ಕೆ ಸಿಗುತ್ತದೆ. ಈ ಜಾಣತನಕ್ಕೆ ತೆತ್ತ ಬೆಲೆಯೆಂದರೆ, ಹೆಸರು, ವಿಳಾಸ, ಫೈಲ್ ಸಿಸ್ಟಮಿನ ಜ್ಞಾನ ಈ ಮೂರರಲ್ಲಿ ಯಾವುದು ಕೈಕೊಟ್ಟರೂ ‘ನಾಟ್ ಫೌಂಡ್’.

ವಿಳಾಸದ ಗೊಂದಲದಿಂದ ಶುರು ಮಾಡುತ್ತೇನೆ, ಹೆಚ್ಚಿನ ಪ್ರಕರಣಗಳಲ್ಲಿ ಗಂಟು ಇರುವುದು ಅಲ್ಲೇ. ಬೆಂಗಳೂರಿನ ಹಳೇ ಬಡಾವಣೆಗಳ ಗೇಟುಗಳ ಮೇಲೆ ‘ಹಳೇ ನಂ.’ ಒಂದು, ‘ಹೊಸ ನಂ.’ ಇನ್ನೊಂದು ಬರೆದಿರುತ್ತದಲ್ಲ, ಅದೇ ಪರಿಸ್ಥಿತಿ ಇಲ್ಲಿಯದು. ಲಿನಕ್ಸ್ ನಿಮ್ಮ ಡಿಸ್ಕನ್ನು ಎಸ್‌ಡಿಎ ಎಂದೋ ಎನ್‌ವಿಎಂಇ0ಎನ್1 ಎಂದೋ ಕರೆಯುತ್ತದೆ. ಗ್ರಬ್ ಅದೇ ಡಿಸ್ಕನ್ನು ಎಚ್‌ಡಿ0 ಎನ್ನುತ್ತದೆ. ಡಿಸ್ಕುಗಳ ಎಣಿಕೆ ಸೊನ್ನೆಯಿಂದ, ಪಾರ್ಟಿಷನ್ನುಗಳ ಎಣಿಕೆ ಒಂದರಿಂದ. ಹಳೆಯ ಗ್ರಬ್‌ನಲ್ಲಿ ಪಾರ್ಟಿಷನ್ನೂ ಸೊನ್ನೆಯಿಂದಲೇ ಶುರುವಾಗುತ್ತಿತ್ತು, ಆದ್ದರಿಂದ ಹಳೇ ಪುಸ್ತಕ ನೋಡಿಕೊಂಡು ಟೈಪ್ ಮಾಡಿದರೆ ಪಕ್ಕದ ಮನೆಯ ಬಾಗಿಲು ತಟ್ಟಿರುತ್ತೀರಿ. ಇನ್ನು ಈ ಎಚ್‌ಡಿ0 ಯಾವುದು ಎಂಬುದು ಶಾಶ್ವತವೂ ಅಲ್ಲ. ಪೆನ್‌ಡ್ರೈವ್ ಚುಚ್ಚಿ ಅದರಿಂದ ಬೂಟ್ ಮಾಡಿದರೆ ಸಾಮಾನ್ಯವಾಗಿ ಅದೇ ಎಚ್‌ಡಿ0 ಆಗಿ ಕೂತು, ಒಳಗಿನ ಡಿಸ್ಕು ಎಚ್‌ಡಿ1 ಆಗುತ್ತದೆ.

ಈ ತಕರಾರು ಬೇಡವೆಂದೇ ಯುಯುಐಡಿ ಬಂತು. ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡುವಾಗ ಅದಕ್ಕೆ ಅಂಟಿಸುವ ಗುರುತು ಅದು. ಡಿಸ್ಕನ್ನು ಯಾವ ಕೇಬಲ್ಲಿಗೆ ಹಾಕಿದರೂ ಗುರುತು ಬದಲಾಗದು. ‘ನೋ ಸಚ್ ಡಿವೈಸ್’ ಪಕ್ಕದಲ್ಲಿ ಕಂಡ ಆ ಉದ್ದನೆಯ ಸರ ಅದೇ. ಹಾಗಿದ್ದರೆ ಅದು ತಪ್ಪುವುದು ಯಾವಾಗ? ಪಾರ್ಟಿಷನ್ನನ್ನು ಮತ್ತೆ ಫಾರ್ಮ್ಯಾಟ್ ಮಾಡಿದಾಗ. ಬ್ಯಾಕಪ್ಪಿನಿಂದ ಹೊಸ ಡಿಸ್ಕಿಗೆ ಫೈಲುಗಳನ್ನಷ್ಟೇ ನಕಲು ಮಾಡಿದಾಗ. ಯುಇಎಫ್‌ಐ ಯಂತ್ರದಲ್ಲಾದರೆ ಇದಕ್ಕೊಂದು ಪುಟ್ಟ ಬಲೆಯಿದೆ: ಉಬುಂಟು ಇಎಫ್‌ಐ ಪಾರ್ಟಿಷನ್ನಿನಲ್ಲಿ ಮೂರೇ ಸಾಲಿನ ಒಂದು ಗ್ರಬ್ ಕಾನ್ಫಿಗ್ ಫೈಲ್ ಇಟ್ಟಿರುತ್ತದೆ. ಈ ಯುಯುಐಡಿ ಇರುವ ಪಾರ್ಟಿಷನ್ ಹುಡುಕು, ಅದರ /ಬೂಟ್/ಗ್ರಬ್ ನೋಡು, ಅಲ್ಲಿರುವ ಅಸಲಿ ಕಾನ್ಫಿಗ್ ಓದು ಎಂದಷ್ಟೇ ಅದರ ಒಕ್ಕಣೆ. ಆ ಮೂರು ಸಾಲಿನಲ್ಲಿ ಹಳೇ ಗುರುತು ಉಳಿದುಬಿಟ್ಟರೆ ಮೆನು ಕೂಡ ಬರುವುದಿಲ್ಲ. ಖಾಲಿ ಪರದೆಯಲ್ಲಿ ‘ಗ್ರಬ್’ ಎಂಬ ಪ್ರಾಂಪ್ಟ್ ಮಾತ್ರ ಮಿನುಗುತ್ತಿರುತ್ತದೆ.

ಇದರ ಉಲ್ಟಾ ಪ್ರಕರಣ ಇನ್ನೂ ತಮಾಷೆಯದು. ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ, ಹಾರ್ಡ್ ಡಿಸ್ಕನ್ನು ಬೈಟಿಗೆ ಬೈಟು ಕ್ಲೋನ್ ಮಾಡಿ, ಹಳೇ ಡಿಸ್ಕನ್ನೂ ಒಳಗೇ ಬಿಡುವವರಿದ್ದಾರೆ. ಕ್ಲೋನ್ ಎಂದರೆ ಯುಯುಐಡಿಯೂ ಕ್ಲೋನ್. ಒಂದೇ ಗುರುತಿನ ಎರಡು ಪಾರ್ಟಿಷನ್! ಗ್ರಬ್ ಮೊದಲು ಕಂಡದ್ದನ್ನು ಹಿಡಿಯುತ್ತದೆ. ನೀವು ಎಸ್‌ಎಸ್‌ಡಿಯಲ್ಲಿ ಕರ್ನಲ್ ಅಪ್‌ಡೇಟ್ ಮಾಡಿರುತ್ತೀರಿ, ಅದು ಹಳೇ ಡಿಸ್ಕಿನಲ್ಲಿ ಹೊಸ ಕರ್ನಲ್ ಹುಡುಕಿ ಇಲ್ಲ ಎನ್ನುತ್ತದೆ. ಫೈಲು ಇದೆ ಎಂದು ನೀವು, ಇಲ್ಲ ಎಂದು ಅದು. ಇಬ್ಬರ ಮಾತೂ ನಿಜ. ಹಳೇ ಡಿಸ್ಕನ್ನು ಬಿಚ್ಚಿಟ್ಟು ನೋಡುವುದು ಇಲ್ಲಿ ಎಲ್ಲಕ್ಕಿಂತ ಸುಲಭದ ಪರೀಕ್ಷೆ.

ವಿಳಾಸ ಸರಿಯಿದ್ದೂ ದಾರಿ ತಪ್ಪುವುದು ಇನ್ನೊಂದು ಬಗೆ. ಬಹಳ ಜನರ ತಲೆ ಕೆಡಿಸುವ ಸಂಗತಿ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಲಿನಕ್ಸ್ ನಡೆಯುತ್ತಿರುವಾಗ ಕರ್ನಲ್ ಇರುವುದು /ಬೂಟ್ ಎಂಬ ಫೋಲ್ಡರಿನಲ್ಲಿ. ಎಷ್ಟೋ ಯಂತ್ರಗಳಲ್ಲಿ ಈ /ಬೂಟ್ ಎಂಬುದೇ ಬೇರೆ ಪಾರ್ಟಿಷನ್. ಒಂದು ಕಾಲಕ್ಕೆ ಅದಕ್ಕೆ ಕಾರಣ ಬಯೋಸಿನ ಮಿತಿ. 1024 ಸಿಲಿಂಡರಿನಿಂದಾಚೆ ಅದರ ಕೈ ಚಾಚುತ್ತಿರಲಿಲ್ಲ, ಹಾಗಾಗಿ ಕರ್ನಲ್ಲನ್ನು ಡಿಸ್ಕಿನ ಮೊದಲ ಭಾಗದಲ್ಲೇ ಇಡಬೇಕಿತ್ತು. ಈಗಿನ ಕಾರಣ ಎನ್‌ಕ್ರಿಪ್ಷನ್, ಎಲ್‌ವಿಎಂ ಇಂಥವು. ಲಿನಕ್ಸಿನ ಕಣ್ಣಿಗೆ ಆ ಪಾರ್ಟಿಷನ್ /ಬೂಟ್ ಎಂಬ ಹೆಸರಿನಲ್ಲಿ ಜೋಡಣೆಯಾಗಿರುತ್ತದೆ. ಗ್ರಬ್‌ಗೆ ಈ ಜೋಡಣೆಯ ಗಂಧಗಾಳಿಯೂ ಇಲ್ಲ. ಅದು ಪಾರ್ಟಿಷನ್ನಿನ ಒಳಹೊಕ್ಕರೆ ಮೊದಲ ಮೆಟ್ಟಿಲಲ್ಲೇ ವಿಎಂಲಿನಜ್ ಇರುತ್ತದೆ, ‘ಬೂಟ್’ ಎಂಬ ಫೋಲ್ಡರೇ ಇರುವುದಿಲ್ಲ. ಅಂಥ ಯಂತ್ರದಲ್ಲಿ ‘/ಬೂಟ್/ವಿಎಂಲಿನಜ್’ ಎಂದು ಕೊಟ್ಟರೆ ನಾಟ್ ಫೌಂಡ್, ಬರೀ ‘/ವಿಎಂಲಿನಜ್’ ಎಂದರೆ ತಟ್ಟನೆ ಸಿಗುತ್ತದೆ. ಬಿಟಿಆರ್‌ಎಫ್‌ಎಸ್ ಬಳಸುವ ಉಬುಂಟುವಿನಲ್ಲಿ ಇದೇ ಇನ್ನೊಂದು ವೇಷದಲ್ಲಿ ಬರುತ್ತದೆ. ಅಲ್ಲಿ ದಾರಿಯ ಮುಂದೆ ಸಬ್‌ವಾಲ್ಯೂಮಿನ ಹೆಸರೂ ಸೇರಬೇಕು, ಅಂದರೆ ಮೊದಲು ಒಂದು ‘ಅಟ್’ ಚಿಹ್ನೆ, ಆಮೇಲೆ /ಬೂಟ್.

ಇಷ್ಟು ತಿಳಿದ ಮೇಲೆ ಕೈಯಾರೆ ಹುಡುಕಲು ಅಡ್ಡಿಯಿಲ್ಲ. ಮೆನು ಕಾಣದಿದ್ದರೆ ಯಂತ್ರ ಶುರುವಾಗುವಾಗ ಬಯೋಸಿನಲ್ಲಿ ಶಿಫ್ಟ್, ಯುಇಎಫ್‌ಐನಲ್ಲಿ ಎಸ್ಕೇಪ್ ಒತ್ತಬೇಕು. ಮೆನು ಬಂದ ಮೇಲೆ ಕೂಡಲೇ ಪ್ರಾಂಪ್ಟಿಗೆ ಹಾರಬೇಡಿ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಒಳಮೆನುವಿನಲ್ಲಿ ಹಿಂದಿನ ಕರ್ನಲ್ ಇರುತ್ತದೆ. ಹೊಸದು ಮಾತ್ರ ಕಾಣೆಯಾಗಿದ್ದರೆ ಹಳೆಯದು ಎದ್ದು ಕೂರುತ್ತದೆ, ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಅದೂ ಆಗದಿದ್ದರೆ ‘ಸಿ’ ಕೀಲಿ ಒತ್ತಿ ಪ್ರಾಂಪ್ಟಿಗೆ ಹೋಗಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿರುವ ಕಮಾಂಡುಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

‘ಎಲ್‌ಎಸ್’ ಎಂದು ಬರೆದು ಎಂಟರ್ ಒತ್ತಿ. ಗ್ರಬ್ ತನಗೆ ಕಾಣುವ ಡಿಸ್ಕು, ಪಾರ್ಟಿಷನ್ನುಗಳನ್ನೆಲ್ಲ ಆವರಣದೊಳಗೆ ಒಂದೇ ಸಾಲಿನಲ್ಲಿ ಸುರಿಯುತ್ತದೆ: ಎಚ್‌ಡಿ0, ಎಚ್‌ಡಿ0,ಜಿಪಿಟಿ3, ಎಚ್‌ಡಿ0,ಜಿಪಿಟಿ2, ಎಚ್‌ಡಿ0,ಜಿಪಿಟಿ1. ನಿಮ್ಮ ಡಿಸ್ಕು ಈ ಪಟ್ಟಿಯಲ್ಲೇ ಇಲ್ಲದಿದ್ದರೆ ಗ್ರಬ್ಬಿನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಕೇಬಲ್ ಸಡಿಲವಾಗಿರಬಹುದು, ಬಯೋಸಿನ ಸೆಟ್ಟಿಂಗ್ ಬದಲಾಗಿರಬಹುದು, ಡಿಸ್ಕೇ ಸತ್ತಿರಬಹುದು. ಪಟ್ಟಿಯಲ್ಲಿ ಇದ್ದರೆ ಒಂದೊಂದನ್ನೇ ತೆರೆದು ನೋಡಿ. ಇಲ್ಲೊಂದು ಸೂಕ್ಷ್ಮವಿದೆ. ‘ಎಲ್‌ಎಸ್ (ಎಚ್‌ಡಿ0,ಜಿಪಿಟಿ2)’ ಎಂದರೆ ಅದು ಯಾವ ಬಗೆಯ ಫೈಲ್ ಸಿಸ್ಟಂ, ಅದರ ಯುಯುಐಡಿ ಏನು ಎಂಬ ವಿವರ ಬರುತ್ತದೆ. ಅದೇ ಕಮಾಂಡಿನ ಕೊನೆಗೊಂದು ಸ್ಲ್ಯಾಶ್ ಸೇರಿಸಿದರೆ ಒಳಗಿರುವ ಫೈಲುಗಳ ಪಟ್ಟಿ. ಮೊದಲನೆಯದರಿಂದ ಸಿಗುವ ಗುರುತನ್ನು ದೋಷದ ಸಾಲಿನಲ್ಲಿದ್ದ ಸರದ ಜೊತೆ ಹೋಲಿಸಿ. ತಾಳೆಯಾಗದಿದ್ದರೆ ಕಳ್ಳ ಸಿಕ್ಕ.

ಒಳಗೆ ಕಾಣುವ ಹೆಸರುಗಳೇ ಯಾವ ಪಾರ್ಟಿಷನ್ ಯಾವುದೆಂದು ಹೇಳಿಬಿಡುತ್ತವೆ. ‘ಇಎಫ್‌ಐ’ ಫೋಲ್ಡರ್ ಒಂದೇ ಇದ್ದರೆ ಅದು ಫರ್ಮ್‌ವೇರಿನದು. ವಿಎಂಲಿನಜ್, ಇನಿಟ್‌ಆರ್‌ಡಿ, ಗ್ರಬ್ ಇವಿಷ್ಟೇ ಕಂಡರೆ ಪ್ರತ್ಯೇಕ ಬೂಟ್ ಪಾರ್ಟಿಷನ್. ಇಟಿಸಿ, ಹೋಮ್, ಯುಎಸ್‌ಆರ್ ಇದ್ದರೆ ಅದು ಮೂಲ ವ್ಯವಸ್ಥೆ, ಅಂದರೆ ರೂಟ್. ‘ಅನ್‌ನೋನ್ ಫೈಲ್‌ಸಿಸ್ಟಂ’ ಎಂದರೆ ಅದಕ್ಕೆ ಆಮೇಲೆ ಬರೋಣ.

ನಮ್ಮ ಉದಾಹರಣೆಯಲ್ಲಿ ಎರಡನೇ ಪಾರ್ಟಿಷನ್ನಿನಲ್ಲಿ ಕರ್ನಲ್, ಮೂರನೆಯದರಲ್ಲಿ ರೂಟ್ ಸಿಕ್ಕಿತು ಎಂದಿಟ್ಟುಕೊಳ್ಳಿ. ‘ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)’ ಎಂದು ಮೊದಲ ಸಾಲು. ಎರಡನೆಯ ಸಾಲಿನಲ್ಲಿ ‘ಲಿನಕ್ಸ್ /ವಿಎಂಲಿನಜ್’ ಅಷ್ಟು ಬರೆದು ಟ್ಯಾಬ್ ಒತ್ತಿ. ಉಳಿದ ಹೆಸರನ್ನು ಗ್ರಬ್ ತಾನೇ ತುಂಬುತ್ತದೆ, ಒಂದಕ್ಕಿಂತ ಹೆಚ್ಚಿದ್ದರೆ ಪಟ್ಟಿ ಕೊಡುತ್ತದೆ. ಆ ಉದ್ದನೆಯ ಆವೃತ್ತಿ ಸಂಖ್ಯೆಯನ್ನು ಕೈಯಲ್ಲಿ ಬರೆಯಲು ಹೋಗಿ ತಪ್ಪು ಮಾಡುವ ಅಗತ್ಯವೇ ಇಲ್ಲ. ಟ್ಯಾಬ್ ಒತ್ತಿದಾಗ ಹೆಸರು ಬಂತೆಂದರೆ ಫೈಲು ಅಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದರ ಮುಂದೆ ‘ರೂಟ್=’ ಎಂದು ಇನ್ನೊಮ್ಮೆ ಬರೆಯಬೇಕು. ಈ ಎರಡನೇ ರೂಟ್ ಗ್ರಬ್‌ಗಲ್ಲ, ಕರ್ನಲ್ಲಿಗೆ ಕೊಡುವ ಸಂದೇಶ. ಅದಕ್ಕೆ ಅದರ ಭಾಷೆಯಲ್ಲೇ ಹೇಳಬೇಕು, ಎಚ್‌ಡಿ0 ಎಂದರೆ ಅದಕ್ಕೆ ಅರ್ಥವಾಗದು. /ಡೆವ್/ಎನ್‌ವಿಎಂಇ0ಎನ್1ಪಿ3 ಎಂಬಂತೆ ಕೊಡಬೇಕು, ಇಲ್ಲವೇ ಯುಯುಐಡಿ ಕೊಡಬೇಕು. ಯುಯುಐಡಿ ನೆನಪಿಲ್ಲವೇ? ‘ಕ್ಯಾಟ್ (ಎಚ್‌ಡಿ0,ಜಿಪಿಟಿ3)/ಇಟಿಸಿ/ಎಫ್‌ಎಸ್‌ಟ್ಯಾಬ್’ ಎಂದು ಕೇಳಿದರೆ ಗ್ರಬ್ ಆ ಫೈಲನ್ನೇ ಪರದೆಯ ಮೇಲೆ ಓದಿ ತೋರಿಸುತ್ತದೆ, ಗುರುತುಗಳೆಲ್ಲ ಅದರಲ್ಲಿ ಬರೆದಿರುತ್ತವೆ. ಬೂಟ್ ಲೋಡರ್ ಒಂದು ಹೀಗೆ ಕಡತ ಓದಿ ಹೇಳುವುದನ್ನು ಮೊದಲ ಸಲ ನೋಡಿದವರಿಗೆ ಅದರ ಮೇಲೆ ಗೌರವ ಹುಟ್ಟದಿರದು. ಮೂರನೇ ಸಾಲು ‘ಇನಿಟ್‌ಆರ್‌ಡಿ’, ಕರ್ನಲ್ಲಿನದೇ ಆವೃತ್ತಿಯದು. ಕೊನೆಗೆ ‘ಬೂಟ್’.

ಕರ್ನಲ್ ಸಿಕ್ಕಿ ರೂಟ್ ತಪ್ಪಿದರೆ ದೋಷ ಬೇರೆ ರೂಪ ತಾಳುತ್ತದೆ. ‘ಕರ್ನಲ್ ಪ್ಯಾನಿಕ್: ವಿಎಫ್‌ಎಸ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಎಂಬ ಅಬ್ಬರದ ಸಾಲನ್ನು ಕಂಡು ಹೆದರುವವರೇ ಹೆಚ್ಚು. ನಿಜವಾಗಿ ಅದು ಮುನ್ನಡೆ. ಹಾಗೆ ಕೂಗಿಕೊಳ್ಳುತ್ತಿರುವುದು ಕರ್ನಲ್ಲೇ. ಅಂದರೆ ಬೂಟ್ ಲೋಡರ್ ತನ್ನ ಪಾಲಿನ ಕೆಲಸ ಮುಗಿಸಿದೆ. ಇನಿಟ್‌ಆರ್‌ಡಿ ಸಾಲು ಬಿಟ್ಟುಹೋಗಿದೆಯೇ, ರೂಟ್ ಸರಿಯಿದೆಯೇ ಎಂದು ನೋಡಿದರಾಯಿತು.

ಇನ್ನು ಫೈಲು ನಿಜಕ್ಕೂ ಇಲ್ಲದಿರುವ ಪ್ರಕರಣ. ಪ್ರತ್ಯೇಕ /ಬೂಟ್ ಇರುವ ಯಂತ್ರಗಳಲ್ಲಿ ಆ ಪಾರ್ಟಿಷನ್ ಚಿಕ್ಕದು. ಪ್ರತಿ ಅಪ್‌ಡೇಟಿಗೂ ಹೊಸ ಕರ್ನಲ್ ಬಂದು ಹಳೆಯವು ರಾಶಿ ಬಿದ್ದು ಜಾಗ ಭರ್ತಿಯಾಗುತ್ತದೆ, ಆಮೇಲೆ ಬರುವ ಕರ್ನಲ್ಲೋ ಇನಿಟ್‌ಆರ್‌ಡಿಯೋ ಅರ್ಧಂಬರ್ಧ ಬರೆದು ನಿಲ್ಲುತ್ತದೆ. ಜಾಗ ಮಾಡಲೆಂದು ಕೈಯಾರೆ ಫೈಲು ಅಳಿಸುವವರು ಓಡುತ್ತಿರುವ ಕರ್ನಲ್ಲನ್ನೇ ಅಳಿಸಿ ಕೈಚೆಲ್ಲಿ ಕೂರುವುದೂ ಇದೆ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರಂತೂ ಕೇಳುವುದೇ ಬೇಡ.

ಆರ್ಚ್ ಲಿನಕ್ಸ್ ಬಳಸುವವರು ಹೇಳಿಕೊಂಡು ನಗುವ ಎಡವಟ್ಟು ಬೇರೆಯೇ ಬಗೆಯದು. ಬೂಟ್ ಪಾರ್ಟಿಷನ್ ಜೋಡಣೆಯಾಗದಿರುವಾಗ ಅಪ್‌ಡೇಟ್ ಮಾಡಿಬಿಡುತ್ತಾರೆ. ಆಗ ಹೊಸ ಕರ್ನಲ್ ಹೋಗಿ ಕೂರುವುದು ರೂಟ್ ಪಾರ್ಟಿಷನ್ನಿನ ಒಳಗಿರುವ /ಬೂಟ್ ಎಂಬ ಖಾಲಿ ಫೋಲ್ಡರಿನಲ್ಲಿ. ಅಸಲಿ ಬೂಟ್ ಪಾರ್ಟಿಷನ್ನಿನಲ್ಲಿ ಹಳೆಯದೇ ಉಳಿದಿರುತ್ತದೆ. ಆರ್ಚ್‌ನಲ್ಲಿ ಕರ್ನಲ್ ಫೈಲಿನ ಹೆಸರಿಗೆ ಆವೃತ್ತಿ ಸಂಖ್ಯೆ ಅಂಟಿರುವುದಿಲ್ಲವಾದ್ದರಿಂದ ಗ್ರಬ್‌ಗೆ ಅನುಮಾನವೇ ಬರುವುದಿಲ್ಲ, ಹಳೇ ಕರ್ನಲ್ಲನ್ನೇ ಎಬ್ಬಿಸುತ್ತದೆ. ಅದಕ್ಕೆ ಬೇಕಾದ ಮಾಡ್ಯೂಲುಗಳನ್ನು ಅಪ್‌ಡೇಟ್ ಆಗಲೇ ಅಳಿಸಿರುತ್ತದೆ. ಇಲ್ಲಿ ಕರ್ನಲ್ ಸಿಕ್ಕಿತು, ಸಿಗಬೇಕಾದ್ದು ಸಿಗಲಿಲ್ಲ.

ಎಲ್ಲಕ್ಕಿಂತ ನಂಬಲು ಕಷ್ಟವಾದದ್ದು ಜರ್ನಲ್ಲಿನ ಪ್ರಕರಣ. ಕರ್ನಲ್ ಅಪ್‌ಡೇಟ್ ಆಯಿತು, ಮರುಕ್ಷಣವೇ ಪವರ್ ಬಟನ್ ಒತ್ತಿ ಹಿಡಿದು ಯಂತ್ರ ಆರಿಸಿದಿರಿ. ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂ ಹೊಸ ಬದಲಾವಣೆಗಳನ್ನು ಮೊದಲು ಜರ್ನಲ್ಲಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ನಿಜವಾದ ಜಾಗಕ್ಕೆ ಬರೆಯುತ್ತದೆ. ಮುಂದಿನ ಸಲ ಲಿನಕ್ಸ್ ಬಂದಾಗ ಜರ್ನಲ್ ಓದಿ ಬಾಕಿ ಚುಕ್ತಾ ಮಾಡುತ್ತದೆ. ಗ್ರಬ್ ಜರ್ನಲ್ ನೋಡುವುದಿಲ್ಲ. ಅದರ ಕಣ್ಣಿಗೆ ಫೈಲು ಇನ್ನೂ ಹುಟ್ಟೇ ಇಲ್ಲ, ಅಥವಾ ಅದರ ಗಾತ್ರ ಸೊನ್ನೆ. ಲೈವ್ ಪೆನ್‌ಡ್ರೈವಿನಿಂದ ಎದ್ದು ಆ ಪಾರ್ಟಿಷನ್ನನ್ನು ಒಮ್ಮೆ ಜೋಡಿಸಿ ನೀಟಾಗಿ ಬಿಡಿಸಿದರೆ ಸಾಕು, ಫೈಲು ಪ್ರತ್ಯಕ್ಷ. ಏನೂ ರಿಪೇರಿ ಮಾಡದೆ ಬರೀ ತೆರೆದು ಮುಚ್ಚಿದ್ದಕ್ಕೆ ಯಂತ್ರ ಸರಿಹೋಯಿತು ಎಂದು ಯಾರಾದರೂ ಹೇಳಿದರೆ ಪವಾಡ ಎನ್ನಬೇಡಿ.

ಫೈಲು ಖಂಡಿತ ಇಲ್ಲ ಎಂದಾದ ಮೇಲಿನ ರಿಪೇರಿ ಯಾಂತ್ರಿಕವಾದದ್ದು, ಬೇಗ ಹೇಳಿ ಮುಗಿಸುತ್ತೇನೆ. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಎಂಬ ಕಮಾಂಡಿನಿಂದ ಪಾರ್ಟಿಷನ್ನುಗಳನ್ನು ಗುರುತಿಸಿ. ರೂಟನ್ನು /ಎಂಎನ್‌ಟಿಗೆ, ಬೂಟನ್ನು ಅದರೊಳಗಿನ ಬೂಟಿಗೆ, ಇಎಫ್‌ಐಯನ್ನು ಅದರೊಳಗೆ ಜೋಡಿಸಿ. ಈ ಕ್ರಮ ತಪ್ಪಿದರೆ ಆರ್ಚ್‌ನವರ ಎಡವಟ್ಟು ನಿಮ್ಮದೂ ಆಗುತ್ತದೆ. ಡೆವ್, ಪ್ರೊಕ್, ಸಿಸ್ ಫೋಲ್ಡರುಗಳನ್ನು ಬೈಂಡ್ ಮಾಡಿ ಸಿಎಚ್‌ರೂಟ್ ಮೂಲಕ ನಿಮ್ಮ ಹಳೇ ವ್ಯವಸ್ಥೆಯ ಒಳಹೊಕ್ಕು, /ಬೂಟ್‌ನಲ್ಲಿ ಜಾಗವಿದೆಯೇ ನೋಡಿ, ಕರ್ನಲ್ ಪ್ಯಾಕೇಜನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ಕರ್ನಲ್, ಇನಿಟ್‌ಆರ್‌ಡಿ, ಮೆನು ಮೂರೂ ಹೊಸದಾಗಿ ತಯಾರಾಗುತ್ತವೆ. ಮನೆ ಕೆಡವಿ ಕಟ್ಟುವ ಮಾತೇ ಇಲ್ಲ.

‘ಅನ್‌ನೋನ್ ಫೈಲ್‌ಸಿಸ್ಟಂ’ ವಿಷಯಕ್ಕೆ ಬರುತ್ತೇನೆಂದೆ. ಫೈಲ್ ಸಿಸ್ಟಂ ಕೆಟ್ಟಿದೆ ಎಂದೇ ಇದರ ಅರ್ಥವಲ್ಲ, ಗ್ರಬ್‌ಗೆ ಅದು ತಿಳಿಯದೆಯೂ ಇರಬಹುದು. ಎಕ್ಸ್ಟ್4 ಅನ್ನು ಫಾರ್ಮ್ಯಾಟ್ ಮಾಡುವ ಸಾಧನಗಳ 1.47.0 ಆವೃತ್ತಿ 2023ರಲ್ಲಿ ಬಂದಾಗ ಒಂದೆರಡು ಹೊಸ ಸೌಲಭ್ಯಗಳನ್ನು ತಾನಾಗಿಯೇ ಚಾಲೂ ಮಾಡತೊಡಗಿತು. ಆಗ ಎಲ್ಲೆಡೆ ಇದ್ದ ಗ್ರಬ್ 2.06ಕ್ಕೆ ಅವುಗಳಲ್ಲಿ ಒಂದರ ಪರಿಚಯವಿರಲಿಲ್ಲ. ಹೊಚ್ಚಹೊಸದಾಗಿ ಫಾರ್ಮ್ಯಾಟ್ ಮಾಡಿದ, ಯಾವ ಕಲೆಯೂ ಇಲ್ಲದ ಪಾರ್ಟಿಷನ್ನನ್ನು ಅದು ಅಪರಿಚಿತ ಎಂದಿತು. ಆ ವರ್ಷದ ಕೊನೆಗೆ ಬಂದ 2.12ರಲ್ಲಿ ಈ ಕೊರತೆ ನೀಗಿತು. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನದೂ ಇಂಥದೇ ಪಾಡು. ಲಕ್ಸ್2 ವಿಧಾನವನ್ನು 2.06 ಅರ್ಥ ಮಾಡಿಕೊಳ್ಳುತ್ತದಾದರೂ, ಪಾಸ್‌ವರ್ಡಿಗೆ ಆರ್ಗಾನ್2 ಬಳಸಿದ್ದರೆ ಕೈಯೆತ್ತುತ್ತದೆ. ಕರ್ನಲ್ಲನ್ನು ಎನ್‌ಕ್ರಿಪ್ಟ್ ಆಗದ ಬೂಟ್ ಪಾರ್ಟಿಷನ್ನಿನಲ್ಲಿ ಇಡುವುದೇ ಇದಕ್ಕೆ ನೆಮ್ಮದಿಯ ದಾರಿ.

ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಇನ್ನೊಂದು ಮೋಸವಿದೆ. ಮೊದಲ ಸಾಲಿನಲ್ಲಿ ‘ಬ್ಯಾಡ್ ಶಿಮ್ ಸಿಗ್ನೇಚರ್’ ಎಂದಿದ್ದು, ಎರಡನೆಯದು ಮತ್ತದೇ ‘ಯು ನೀಡ್ ಟು ಲೋಡ್ ದ ಕರ್ನಲ್ ಫಸ್ಟ್’. ಕರ್ನಲ್ ಅಲ್ಲೇ ಇದೆ, ಗ್ರಬ್ ಅದನ್ನು ಓದಿಯೂ ಆಯಿತು. ಸಹಿ ಒಪ್ಪಿಗೆಯಾಗದೆ ತಿರಸ್ಕರಿಸಿದೆ ಅಷ್ಟೇ. ಸ್ವಂತವಾಗಿ ಕಂಪೈಲ್ ಮಾಡಿದ ಅಥವಾ ಹೊರಗಿನಿಂದ ತಂದ ಕರ್ನಲ್ ಬಳಸುವವರಿಗೆ ಇದು ಮಾಮೂಲು. ಇಲ್ಲಿ ಫೈಲು ಹುಡುಕುತ್ತಾ ಕೂತರೆ ರಾತ್ರಿ ಬೆಳಗಾಗುತ್ತದೆ.

ಗ್ರಬ್ಬೇ ಇಲ್ಲದ ಕಡೆಯೂ ಇದೇ ಕಥೆ ಬೇರೆ ರೂಪದಲ್ಲಿ ನಡೆಯುತ್ತದೆ. ರಾಸ್ಪ್‌ಬೆರಿ ಪೈಗೆ ಮಾನಿಟರ್ ಜೋಡಿಸದೆಯೇ ಬಳಸುವವರು ಬಹಳ. ಕರ್ನಲ್ ಫೈಲ್ ಸಿಗದಿದ್ದರೆ ಅದರ ಹಸಿರು ದೀಪ ಏಳು ಸಲ ಮಿನುಗಿ, ತಡೆದು, ಮತ್ತೆ ಏಳು ಸಲ ಮಿನುಗುತ್ತದೆ. ಎಸ್‌ಡಿ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ಬೂಟ್ ಪಾರ್ಟಿಷನ್ನಿನಲ್ಲಿ ಕರ್ನಲ್ ಎಂದು ಶುರುವಾಗುವ ಇಮೇಜ್ ಫೈಲ್ ಇದೆಯೇ, ಕಾನ್ಫಿಗ್ ಫೈಲಿನಲ್ಲಿ ಬೇರೇನಾದರೂ ಹೆಸರು ಕೊಟ್ಟಿದ್ದೀರಾ ಎಂದು ನೋಡಬೇಕು.

ಕೊನೆಯದಾಗಿ ‘ಗ್ರಬ್ ರೆಸ್ಕ್ಯೂ’. ಪ್ರಾಂಪ್ಟಿನಲ್ಲಿ ಈ ಎರಡನೇ ಪದ ಕಂಡರೆ ಕರ್ನಲ್ ಹಾಗಿರಲಿ, ಗ್ರಬ್‌ಗೆ ತನ್ನದೇ ಮಾಡ್ಯೂಲುಗಳು ಸಿಕ್ಕಿಲ್ಲ ಎಂದರ್ಥ. ವಿಂಡೋಸ್ ಜೊತೆ ಹಂಚಿಕೊಂಡ ಡಿಸ್ಕಿನಲ್ಲಿ ಪಾರ್ಟಿಷನ್ ಅಳಿಸಿ ಸೇರಿಸಿ ಮಾಡಿದಾಗ ಹೀಗಾಗುತ್ತದೆ. ಇಲ್ಲಿ ಟ್ಯಾಬ್ ಇಲ್ಲ, ಕ್ಯಾಟ್ ಇಲ್ಲ. ಎಲ್‌ಎಸ್, ಸೆಟ್, ಅನ್‌ಸೆಟ್, ಇನ್ಸ್‌ಮಾಡ್ ಬಿಟ್ಟರೆ ಹೆಚ್ಚೇನೂ ಇಲ್ಲ. ಎಲ್‌ಎಸ್ ಹಿಡಿದು ಗ್ರಬ್ ಫೋಲ್ಡರ್ ಎಲ್ಲಿದೆ ಎಂದು ಪತ್ತೆ ಮಾಡಿ, ‘ಸೆಟ್ ಪ್ರಿಫಿಕ್ಸ್=’ ಎಂದು ಆ ದಾರಿ ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದರೆ ಮೆನು ಮರಳುತ್ತದೆ.

ಪ್ರಾಂಪ್ಟಿನಲ್ಲಿ ಮಾಡಿದ್ದೆಲ್ಲ ಆ ಒಂದು ಸಲಕ್ಕೆ ಮಾತ್ರ, ಡಿಸ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ. ಆದ್ದರಿಂದ ಯಂತ್ರ ಎದ್ದ ಕೂಡಲೇ ಟರ್ಮಿನಲ್ ತೆರೆದು ಡೆಬಿಯನ್, ಉಬುಂಟುಗಳಲ್ಲಿ ‘ಸುಡೊ ಅಪ್‌ಡೇಟ್-ಗ್ರಬ್’ ಓಡಿಸಬೇಕು. ‘ಫೌಂಡ್ ಲಿನಕ್ಸ್ ಇಮೇಜ್’ ಎಂದು ಒಂದೊಂದು ಕರ್ನಲ್ಲಿನ ಹೆಸರೂ ಅದರ ಪೂರ್ತಿ ದಾರಿಯೂ ಪರದೆಯ ಮೇಲೆ ಬರುತ್ತದೆ. ನೀವು ಪ್ರಾಂಪ್ಟಿನಲ್ಲಿ ಕೈಯಾರೆ ಕೊಟ್ಟ ಆವೃತ್ತಿ ಆ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ. ಬಯೋಸ್ ಯಂತ್ರವಾದರೆ ‘ಗ್ರಬ್-ಇನ್‌ಸ್ಟಾಲ್’ ಕೂಡ ಬೇಕಾಗಬಹುದು. ಆಗ ಅದಕ್ಕೆ ಕೊಡಬೇಕಾದ್ದು ಎಸ್‌ಡಿಎ ಎಂಬ ಇಡೀ ಡಿಸ್ಕಿನ ಹೆಸರು, ಎಸ್‌ಡಿಎ1 ಎಂಬ ಪಾರ್ಟಿಷನ್ನಿನದಲ್ಲ. ಎರಡು ಡಿಸ್ಕಿರುವ ಯಂತ್ರದಲ್ಲಿ ಬಯೋಸ್ ಯಾವ ಡಿಸ್ಕಿನಿಂದ ಶುರು ಮಾಡುತ್ತದೋ ಆ ಡಿಸ್ಕಿಗೇ ಇನ್‌ಸ್ಟಾಲ್ ಮಾಡಬೇಕು. 2020ರ ಜುಲೈನಲ್ಲಿ ಬೂಟ್‌ಹೋಲ್ ಎಂಬ ಭದ್ರತಾ ದೋಷಕ್ಕೆ ತೇಪೆ ಹಚ್ಚಿದ ಗ್ರಬ್ ಬಂದಾಗ ಹಲವು ಯಂತ್ರಗಳು ‘ಸಿಂಬಲ್ ಗ್ರಬ್_ಕ್ಯಾಲಕ್ ನಾಟ್ ಫೌಂಡ್’ ಎಂದು ಮಲಗಿದ್ದು ಇದೇ ಕಾರಣಕ್ಕೆ. ಹೊಸ ಮಾಡ್ಯೂಲುಗಳು /ಬೂಟ್ ಸೇರಿದ್ದವು, ಗ್ರಬ್ಬಿನ ಮೂಲ ಭಾಗ ಮಾತ್ರ ಬಯೋಸ್ ಓದುವ ಡಿಸ್ಕಿನ ಬದಲು ಇನ್ನೊಂದು ಡಿಸ್ಕಿಗೆ ಹೋಗಿತ್ತು. ಡೆಬಿಯನ್ ಕುಟುಂಬದಲ್ಲಿ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ’ ಎಂದರೆ ಯಾವ ಯಾವ ಡಿಸ್ಕಿಗೆ ಹಾಕಲಿ ಎಂದು ಅದೇ ಕೇಳುತ್ತದೆ. ಗೊತ್ತಿಲ್ಲದಿದ್ದರೆ ಪೆನ್‌ಡ್ರೈವ್ ಬಿಟ್ಟು ಒಳಗಿನ ಎಲ್ಲ ಡಿಸ್ಕಿಗೂ ಟಿಕ್ ಹಾಕಿ.